ದುಡ್ಡಿಲ್ಲ, ಅನುಭವವಿಲ್ಲ, ಆದರೂ ಊರಿಗೆ ಏನಾದರೂ ಮಾಡಬೇಕು: ಎಲ್ಲಿಂದ ಶುರು?

ಪ್ರಶ್ನೆ: ವಿರಾಜಪೇಟೆಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ನಾವು ಐದು ಜನ ಸೇರಿ ಊರಿಗೆ ಉಪಯೋಗ ಆಗುವಂಥ ಒಂದು ಸಂಸ್ಥೆ ಶುರು ಮಾಡಬೇಕು ಅಂತಿದ್ದೇವೆ. ದಾನ ಧರ್ಮದ ಥರ ಅಲ್ಲ, ತನ್ನ ಖರ್ಚು ತಾನೇ ನೋಡಿಕೊಳ್ಳುವಂಥದ್ದು. ಕೈಯಲ್ಲಿ ದುಡ್ಡಿಲ್ಲ, ಅನುಭವವೂ ಇಲ್ಲ. ಮೊದಲು ನಾಯಕತ್ವದ ತರಬೇತಿ ತಗೋಬೇಕಾ?

ಉತ್ತರ: ತರಬೇತಿಗೆ ಅಂತ ಕಾಯಬೇಡಿ. ಸಂಸ್ಥೆಯನ್ನೂ ಈಗಲೇ ಶುರು ಮಾಡಬೇಡಿ.

ಈ ಪ್ರಶ್ನೆ ಕೇಳುವ ಹೊತ್ತಿಗೆ ಎಷ್ಟೋ ಗುಂಪುಗಳಲ್ಲಿ ಹೆಸರು, ಲೋಗೋ, ಇನ್‌ಸ್ಟಾಗ್ರಾಂ ಪೇಜು ಎಲ್ಲ ರೆಡಿ ಇರುತ್ತದೆ. ಅಧ್ಯಕ್ಷರು ಯಾರು ಅಂತ ಒಂದು ಸಣ್ಣ ಜಗಳವೂ ಮುಗಿದಿರುತ್ತದೆ. ಮಾಡುವ ಕೆಲಸ ಏನು ಅನ್ನೋದು ಮಾತ್ರ ಬಾಕಿ. ನೀವು ಇನ್ನೂ ಅಲ್ಲಿಗೆ ಹೋಗಿಲ್ಲ ಅಂದರೆ ಒಳ್ಳೆಯದೇ.

ಅನುಭವ ಇಲ್ಲ ಅಂದಿರಲ್ಲ, ಅದನ್ನು ನಾನು ಪೂರ್ತಿ ಒಪ್ಪಲ್ಲ. ಮಡಿಕೇರಿ ದಸರಾದಲ್ಲಿ ವಿಜಯದಶಮಿ ರಾತ್ರಿ ಹತ್ತು ಮಂಟಪ, ಅಂದರೆ ಸ್ತಬ್ಧಚಿತ್ರದ ಗಾಡಿ, ಹೊರಡುತ್ತವೆ. ಒಂದೊಂದರ ಹಿಂದೆಯೂ ತಿಂಗಳುಗಟ್ಟಲೆ ವಂತಿಗೆ ಎತ್ತಿ, ಕಲಾವಿದರ ಹತ್ತಿರ ಚೌಕಾಸಿ ಮಾಡಿ, ಟ್ರ್ಯಾಕ್ಟರು ಜನರೇಟರು ಹೊಂದಿಸಿ, ಮಳೆ ಬಂದರೆ ಏನಪ್ಪಾ ಗತಿ ಅಂತ ತಲೆ ಕೆಡಿಸಿಕೊಂಡು ಓಡಾಡಿದ ಹುಡುಗರಿರುತ್ತಾರೆ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳಿಂದ ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಾದವು. ಪ್ರತಿ ವರ್ಷ ಒಂದು ಕುಟುಂಬ ಅದನ್ನು ಹೊತ್ತುಕೊಂಡು ನಡೆಸುತ್ತದೆ. ಮೈದಾನ, ಡ್ರಾ, ಅಂಪೈರು, ಊಟ, ಪಾರ್ಕಿಂಗ್, ಕೊನೆಗೆ ಖರ್ಚಿನ ಲೆಕ್ಕ. ಇಂಥದ್ದರಲ್ಲಿ ನೀವು ನೀರಿನ ಕ್ಯಾನ್ ಹೊತ್ತಿದ್ದರೂ ಒಂದು ವಿಷಯ ಹತ್ತಿರದಿಂದ ನೋಡಿರುತ್ತೀರಿ: ಅಲ್ಲಿ ಯಾರಿಗೂ ಸಂಬಳ ಇಲ್ಲ, ಹಾಗಾಗಿ ಯಾರೂ ಯಾರ ಮಾತನ್ನೂ ಕೇಳಲೇಬೇಕು ಅಂತಿಲ್ಲ. ಬೆಳಿಗ್ಗೆ ಏಳಕ್ಕೆ ಬರ್ತೀನಿ ಅಂದವನು ಹತ್ತಾದರೂ ಬರಲಿಲ್ಲ. ಬೈದರೆ ನಾಳೆಯಿಂದ ಬರೋದೇ ಇಲ್ಲ, ಬೈಯದಿದ್ದರೆ ಉಳಿದವರೂ ಹತ್ತಕ್ಕೇ ಬರುತ್ತಾರೆ. ಈ ಇಕ್ಕಟ್ಟನ್ನು ಸಂಭಾಳಿಸುವುದೇ ನೀವು ಕಲಿಯಬೇಕಾದ ನಾಯಕತ್ವ. ಪವರ್‌ಪಾಯಿಂಟ್ ನೋಡಿ ಅದು ಬರಲ್ಲ.

ಕಾಲೇಜಿನ ಒಳಗೇ ಬೇಕು ಅಂದರೆ ಎನ್‌ಎಸ್‌ಎಸ್ ಇದೆ. 1969ರಿಂದ ನಡೆದುಕೊಂಡು ಬಂದಿದೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ತುಂಬಾ ಜನ ಅದನ್ನು ಸರ್ಟಿಫಿಕೇಟಿಗೆ ಅಂತ ಮುಗಿಸುತ್ತಾರೆ. ನೀವು ಶಿಬಿರದಲ್ಲಿ ಮೈಕ್ ಹಿಡಿಯುವ ಕೆಲಸ ಬಿಟ್ಟು ಅಡುಗೆ ಮನೆ ಮತ್ತು ಲೆಕ್ಕದ ಪುಸ್ತಕ ಕೇಳಿ ತಗೊಳ್ಳಿ. ಏಳು ದಿನ ಐವತ್ತು ಜನರಿಗೆ ಅಕ್ಕಿ, ತರಕಾರಿ, ಗ್ಯಾಸು ಹೊಂದಿಸಿ, ಕೊನೇ ದಿನ ಬಿಲ್ಲು ಸಮೇತ ಲೆಕ್ಕ ಒಪ್ಪಿಸಿದವರಿಗೆ ಬೇರೆ ತರಬೇತಿ ಬೇಕಾಗಲ್ಲ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನವರು ವಿದ್ಯಾರ್ಥಿಗಳಿಗಾಗಿ ಲೀಡ್ ಅನ್ನುವ ಕಾರ್ಯಕ್ರಮ ನಡೆಸುತ್ತಾ ಬಂದಿದ್ದಾರೆ. ಅಂಥ ಕಡೆ ಅವಕಾಶ ಸಿಕ್ಕರೆ ಖಂಡಿತ ಹೋಗಿ. ಹೋಗುವಾಗ ಕೈಯಲ್ಲಿ ಒಂದು ನಿಜವಾದ ಸಮಸ್ಯೆ ಇರಲಿ, ಆಗ ಅಲ್ಲಿ ಕೇಳಿದ್ದು ತಲೆಗೆ ಹತ್ತುತ್ತದೆ.

ಈಗ ಉದ್ಯಮದ ಕಡೆ ಬರೋಣ. ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು ಅಂದಿರಿ. ಹಾಗಿದ್ದರೆ ಮೊದಲ ದಿನವೇ ಕೇಳಬೇಕಾದ್ದು ಒಂದೇ: ದುಡ್ಡು ಕೊಡೋದು ಯಾರು? ಇದಕ್ಕೆ ಉತ್ತರ ಇಲ್ಲದಿದ್ದರೆ ಅದು ಸೇವೆ. ಸೇವೆ ಮಾಡೋದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಉದ್ಯಮ ಅಂತ ಕರೆಯಬೇಡಿ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಕಸ. ವೀಕೆಂಡ್ ಮುಗಿದ ಸೋಮವಾರ ನಮ್ಮ ರಸ್ತೆ ಬದಿ ಏನಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಸಾಮಾನ್ಯವಾಗಿ ಕಾಲೇಜಿನವರು ಗ್ಲೌಸ್ ಹಾಕಿಕೊಂಡು ಹೋಗಿ ಹೆಕ್ಕುತ್ತಾರೆ, ಬ್ಯಾನರ್ ಹಿಡಿದು ಫೋಟೋ ತೆಗೆಯುತ್ತಾರೆ, ಮುಂದಿನ ಸೋಮವಾರ ಮತ್ತೆ ಅದೇ ಕಸ. ಇದನ್ನೇ ಉದ್ಯಮ ಮಾಡೋದು ಅಂದರೆ ಹೋಂಸ್ಟೇಗಳ ಒಣಕಸವನ್ನು ವಾರಕ್ಕೊಮ್ಮೆ ಎತ್ತಿ ಅವರಿಂದ ಶುಲ್ಕ ತಗೊಳ್ಳೋದು. 20 ಹೋಂಸ್ಟೇ, ತಲಾ ತಿಂಗಳಿಗೆ 400 ರೂಪಾಯಿ, ಒಟ್ಟು 8,000. ಪಿಕಪ್ ಬಾಡಿಗೆ ಒಂದು ಟ್ರಿಪ್ಪಿಗೆ 1,200, ತಿಂಗಳಿಗೆ ನಾಲ್ಕು ಸಲ, 4,800. ಎತ್ತಿ ಇಳಿಸುವ ಒಬ್ಬರ ಕೂಲಿ ದಿನಕ್ಕೆ 600ರಂತೆ 2,400. ಉಳಿದದ್ದು 800. ಚೀಲ, ಕೈಗವಸು, ಫೋನು ಎಲ್ಲ ಅದರಲ್ಲೇ. ಮೂರು ಹೋಂಸ್ಟೇಯವರು ‘ಮುಂದಿನ ತಿಂಗಳು ಕೊಡ್ತೀವಿ’ ಅಂದರೆ ಮುಗೀತು, ಆ ತಿಂಗಳು ನಿಮ್ಮ ಜೇಬಿನಿಂದ 400. ಈ ಅಂಕಿ ಎಲ್ಲ ಸುಮ್ನೆ ಲೆಕ್ಕಕ್ಕೆ ಹಾಕಿದ್ದು, ನಿಮ್ಮ ಕಡೆಯ ಬಾಡಿಗೆ, ಕೂಲಿ ವಿಚಾರಿಸಿ ಬದಲಾಯಿಸಿಕೊಳ್ಳಿ. ಗುಜರಿಗೆ ಮಾರಿ ದುಡ್ಡು ಮಾಡ್ತೀವಿ ಅಂತ ಅಂದುಕೊಂಡಿದ್ದರೆ ಅದರ ಮೇಲೂ ಜಾಸ್ತಿ ನಂಬಿಕೆ ಬೇಡ. ನೀರಿನ ಬಾಟಲಿಗೆ, ರಟ್ಟಿಗೆ ಬೆಲೆ ಇದೆ. ಒಳಗಡೆ ಬೆಳ್ಳಿ ಬಣ್ಣ ಇರುವ ಚಿಪ್ಸ್ ಪ್ಯಾಕೆಟ್ಟನ್ನು ಯಾವ ಗುಜರಿಯವರೂ ಮುಟ್ಟಲ್ಲ. ಗಾಜಿನ ಬಾಟಲಿ ಭಾರ ಜಾಸ್ತಿ, ಸಿಗುವುದು ಚಿಲ್ಲರೆ.

ಹಾಗಂತ ಐಡಿಯಾ ಬಿಡಬೇಕಾ? ಬೇಡ, ಪಂಚಾಯಿತಿಗೆ ಹೋಗಿ. ಕಸ ಎತ್ತೋದು ಮೂಲತಃ ಗ್ರಾಮ ಪಂಚಾಯಿತಿಯ ಕೆಲಸ, ರಾಜ್ಯದ ಎಷ್ಟೋ ಪಂಚಾಯಿತಿಗಳಲ್ಲಿ ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಮಹಿಳೆಯರೇ ಅದರ ಗಾಡಿ ಓಡಿಸುತ್ತಾರೆ. ಅವರಿಗೆ ಪೈಪೋಟಿಯಾಗಿ ನೀವು ಇನ್ನೊಂದು ಗಾಡಿ ತರೋದರಲ್ಲಿ ಅರ್ಥ ಇಲ್ಲ. ಗಾಡಿ ಯಾವ ದಿನ, ಯಾವ ದಾರಿಯಲ್ಲಿ ಬರುತ್ತದೆ ಅಂತ ಪಿಡಿಒ ಅವರನ್ನು ಕೇಳಿ. ಗಾಡಿ ಮುಖ್ಯ ರಸ್ತೆಯಲ್ಲಿ ಹೋಗುತ್ತಿರಬಹುದು, ಹೋಂಸ್ಟೇ ಇರುವುದು ತೋಟದ ಒಳಗೆ ಎರಡು ಕಿಲೋಮೀಟರ್ ಕಚ್ಚಾ ರಸ್ತೆ ದಾಟಿ. ಹಾಗಿದ್ದರೆ ನಿಮ್ಮ ಕೆಲಸ ಆ ಎರಡು ಕಿಲೋಮೀಟರಿನಲ್ಲಿ ಇದೆ: ಹೋಂಸ್ಟೇಯಲ್ಲಿ ಕಸ ಬೇರೆ ಬೇರೆ ಮಾಡಿಸೋದು, ಚೀಲ ಕಟ್ಟಿಸೋದು, ಗಾಡಿ ಬರುವ ಹೊತ್ತಿಗೆ ರಸ್ತೆಗೆ ತಲುಪಿಸೋದು. ಪಿಕಪ್ಪಿನ ಉದ್ದ ಟ್ರಿಪ್ಪು ಬೇಡ, ಒಂದು ಜೀಪು ಸಾಕು. ಖರ್ಚು ಇಳಿಯುತ್ತದೆ, ಒಕ್ಕೂಟದವರಿಗೂ ಸಲೀಸು.

ಇಂಥ ಸಂದು ಎಲ್ಲಿದೆ ಅಂತ ಗೊತ್ತಾಗೋದು ಕೇಳಿದರೆ, ಕೇಳಿದ್ದನ್ನು ಬರೆದಿಟ್ಟರೆ. ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದಾಗ, 1976ರಲ್ಲಿ, ಕ್ಯಾಂಪಸ್ಸಿನ ಪಕ್ಕದ ಜೋಬ್ರಾ ಹಳ್ಳಿಗೆ ಹೋದರು. ಬಿದಿರಿನ ಸ್ಟೂಲು ಹೆಣೆಯುವ ಹೆಂಗಸೊಬ್ಬರಿಗೆ ಬಿದಿರು ಕೊಳ್ಳಲು ವ್ಯಾಪಾರಿಯೇ ಸಾಲ ಕೊಡುತ್ತಿದ್ದ, ಸ್ಟೂಲಿನ ಬೆಲೆಯನ್ನೂ ಅವನೇ ಹೇಳುತ್ತಿದ್ದ. ಅಂಥವರು ಹಳ್ಳಿಯಲ್ಲಿ ಎಷ್ಟು ಜನ ಅಂತ ಯೂನುಸ್ ತಮ್ಮ ವಿದ್ಯಾರ್ಥಿನಿಯೊಬ್ಬರಿಂದ ಪಟ್ಟಿ ಮಾಡಿಸಿದರು. 42 ಜನ, ಎಲ್ಲರ ಸಾಲ ಸೇರಿ ಬರೀ 27 ಡಾಲರ್. ಅಂಥವರಿಗೆ ಸಣ್ಣ ಸಾಲ ಕೊಡಲು 1983ರಲ್ಲಿ ಅವರ ಗ್ರಾಮೀಣ ಬ್ಯಾಂಕ್ ಆದದ್ದು, 2006ರಲ್ಲಿ ನೊಬೆಲ್ ಬಂದದ್ದು ಎಲ್ಲ ಆಮೇಲಿನ ಕಥೆ. ನನಗೆ ಇದರಲ್ಲಿ ಇಷ್ಟ ಆಗೋದು ಆ ಪಟ್ಟಿ. ಅಂಥ ಪಟ್ಟಿ ನೀವೂ ಮಾಡಬಹುದು. ಮೆಣಸಿಗೆ, ಕಾಫಿಗೆ ಮುಂಗಡ ತಗೊಂಡು ಅದೇ ವ್ಯಾಪಾರಿಗೆ ಫಸಲು ಕೊಡುವ ಸಣ್ಣ ಬೆಳೆಗಾರರು ನಮ್ಮಲ್ಲೂ ಇದ್ದಾರಲ್ವಾ?

ಇನ್ನೊಂದು, ನಮ್ಮದೇ ರಾಜ್ಯದ್ದು. ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದವರಲ್ಲಿ ಒಬ್ಬರು, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರ ಮನೆಗೆ ಸೋಲಾರ್ ದೀಪ ಕೊಟ್ಟರು ಅಂತಷ್ಟೇ ಎಲ್ಲರಿಗೂ ಗೊತ್ತು. ದೀಪಕ್ಕಿಂತ ದೊಡ್ಡ ಕೆಲಸ ಅಂದರೆ ಬ್ಯಾಂಕುಗಳನ್ನು ಒಪ್ಪಿಸಿ, ಜನರ ಕೈಗೆ ದುಡ್ಡು ಬರುವ ರೀತಿಗೆ ಕಂತು ಹೊಂದಿಸಿದ್ದು. ಕೊಡಗಿಗೆ ಇದು ತುಂಬಾ ಮುಖ್ಯ. ತೋಟದ ಲೈನ್ ಮನೆಯ ಕೂಲಿಯವರಿಗೆ ದುಡ್ಡು ಸಿಗೋದು ವಾರದ ಬಟವಾಡೆ ದಿನ. ಸಣ್ಣ ಬೆಳೆಗಾರನಿಗೆ ಕಾಫಿ ಕೊಟ್ಟ ಮೇಲೆ. ಹೋಂಸ್ಟೇಯವರಿಗೆ ರಜಾ ದಿನಗಳಲ್ಲಿ. ಜುಲೈನಲ್ಲಿ ಹೋಗಿ ಶುಲ್ಕ ಕೇಳಿದರೆ ಹೋಂಸ್ಟೇಯವರು ಚಹಾ ಕೊಟ್ಟು ಕಳಿಸುತ್ತಾರೆ. ಹಾಗಾಗಿ ಡಿಸೆಂಬರ್ ಸೀಸನ್ನಿನಲ್ಲೇ ವರ್ಷದ ದುಡ್ಡು ಕೇಳಿ, ಬೇಕಾದರೆ ಸ್ವಲ್ಪ ಕಮ್ಮಿ ಮಾಡಿ.

ನಿಮ್ಮ ಐದು ಜನರ ಸಮಯಕ್ಕೂ ಇದೇ ಲೆಕ್ಕ. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಕಾಲೇಜಿಗೇ ರಜೆ. ನವೆಂಬರ್‌ನಿಂದ ಕಾಫಿ ಕೊಯ್ಲು, ತೋಟ ಇರುವ ಮನೆಯ ಮಕ್ಕಳು ಸಿಗಲ್ಲ. ಪುತ್ತರಿ (ಸುಗ್ಗಿ ಹಬ್ಬ) ಬಂದರೆ ಯಾರೂ ಸಿಗಲ್ಲ. ಭಾಗಮಂಡಲದ ಕಡೆಯಿಂದ ಬರುವವರಿಗೆ ಸಂಜೆ ಬಸ್ಸಿನ ಚಿಂತೆ. ಇದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೆ ಎಷ್ಟು ವಾರ ಉಳಿಯುತ್ತದೋ ಅಷ್ಟರಲ್ಲಿ ಮುಗಿಯುವ ಕೆಲಸ ಹಿಡಿಯಿರಿ.

ಒಂದು ಕಡೆ ಮಾತ್ರ ಬೇಡ ಅಂತೀನಿ, ಕೋಪ ಮಾಡ್ಕೋಬೇಡಿ. ಆದಿವಾಸಿ ಹಾಡಿಯ ಮಕ್ಕಳಿಗೆ ಭಾನುವಾರ ಪಾಠ ಹೇಳಿಕೊಡೋದನ್ನು ಮೊದಲ ಪ್ರಾಜೆಕ್ಟ್ ಮಾಡಬೇಡಿ. ಮೂರು ಭಾನುವಾರ ಹೋಗಿ, ಇಂಟರ್ನಲ್ಸ್ ಬಂತು ಅಂತ ನಿಲ್ಲಿಸಿದರೆ ಕಸಕ್ಕೆ ಬೇಜಾರಾಗಲ್ಲ, ಮಕ್ಕಳಿಗೆ ಆಗುತ್ತದೆ.

ನೋಂದಣಿ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಸೊಸೈಟಿ ಮಾಡಲು ಕನಿಷ್ಠ ಏಳು ಜನ ಬೇಕು, ಟ್ರಸ್ಟು, ಸೆಕ್ಷನ್ 8 ಕಂಪನಿ (ಲಾಭ ಹಂಚಿಕೊಳ್ಳದ ಕಂಪನಿ) ಅಂತ ಬೇರೆ ದಾರಿಗಳೂ ಇವೆ, ಎಲ್ಲಕ್ಕೂ ವರ್ಷಾ ವರ್ಷ ಲೆಕ್ಕಪತ್ರದ ಕೆಲಸ ಅಂಟಿಕೊಂಡೇ ಬರುತ್ತದೆ. ಹತ್ತು ಗಿರಾಕಿಗಳು ಎರಡನೇ ಸಲ ದುಡ್ಡು ಕೊಟ್ಟ ಮೇಲೆ ಅದನ್ನು ಯೋಚಿಸಿದರಾಯಿತು. ಜಾಮ್, ಜೇನು, ಉಪ್ಪಿನಕಾಯಿ ಥರ ತಿನ್ನುವ ಪದಾರ್ಥ ಮಾರೋದಾದರೆ ಮಾತ್ರ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಮಾಡಿಸಿ.

ಕೊನೆಯದಾಗಿ, ನೀವು ಕೇಳದೇ ಇದ್ದ ವಿಷಯ. ಇನ್ನೊಂದೂವರೆ ವರ್ಷಕ್ಕೆ ನಿಮ್ಮ ಡಿಗ್ರಿ ಮುಗಿಯುತ್ತದೆ. ಒಬ್ಬರು ಬೆಂಗಳೂರು, ಒಬ್ಬರು ಮಂಗಳೂರು, ಗುಂಪು ಅಲ್ಲಿಗೆ ಖಾಲಿ. ಕಾಲೇಜಿನ ಸಂಘಗಳು ನಿಂತುಹೋಗೋದು ಬಹುಪಾಲು ಹೀಗೇ. ಅದಕ್ಕೇ ಈಗಲೇ ಮೊದಲ ವರ್ಷದ ಇಬ್ಬರನ್ನು ಸೇರಿಸಿಕೊಳ್ಳಿ, ಬ್ಯಾನರ್ ಹಿಡಿಯೋಕಲ್ಲ, ಲೆಕ್ಕ ಬರೆಯೋಕೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಅದರಲ್ಲಿ ಒಬ್ಬರು ಜೂನಿಯರ್ ಆಗಿರಲಿ. ಗಿರಾಕಿಗಳ ಫೋನ್ ನಂಬರ್, ಯಾರು ಎಷ್ಟು ಬಾಕಿ, ಜೀಪಿನವರಿಗೆ ಎಷ್ಟಕ್ಕೆ ಒಪ್ಪಿಸಿದ್ದು, ಪಿಡಿಒ ಯಾವ ದಿನ ಆಫೀಸಿನಲ್ಲಿ ಸಿಗುತ್ತಾರೆ, ಇಷ್ಟೂ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಕೊನೇ ಸೆಮಿಸ್ಟರ್ ಶುರುವಾಗುವ ಮೊದಲೇ ಒಂದು ತಿಂಗಳು ಅವರೇ ಪೂರ್ತಿ ನಡೆಸಲಿ, ನೀವು ಫೋನಿನಲ್ಲಿ ಸಿಗುವಷ್ಟು ದೂರದಲ್ಲಿರಿ.