ವಾಹಕ ಎಂಬ ಪದವೂ ನಮ್ಮೂರಿನ ನುಸಿಯೂ

ಮಳೆ ಶುರುವಾಯಿತೆಂದರೆ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ‘ವಾಹಕ’ ಎಂಬ ಪದಕ್ಕೂ ಸೀಸನ್ ಶುರು. ಈ ವಾರ ಮೂರು ಕಡೆ ಓದಿದೆ. ಒಂದರಲ್ಲಿ ಸೊಳ್ಳೆ ಎಚ್‌ಐವಿಯ ವಾಹಕ. ಇನ್ನೊಂದರಲ್ಲಿ ಡೆಂಗಿ ಬಂದ ಮನುಷ್ಯನೇ ವಾಹಕ, ಹತ್ತಿರ ಹೋಗಬೇಡಿ. ಮೂರನೆಯದರಲ್ಲಿ ಮಂಗನ ಕಾಯಿಲೆಗೆ ಮಂಗವೇ ವಾಹಕ. ಮೂರೂ ತಪ್ಪು. ಇನ್ನು ಸುಮ್ನಿರಲು ಆಗಲಿಲ್ಲ.

ಪದದ ಬೇರು ಸಂಸ್ಕೃತದ ‘ವಹ್’, ಅಂದರೆ ಹೊತ್ತು ಸಾಗಿಸು. ವಾಹನ, ಪ್ರವಾಹ, ವಿವಾಹ ಎಲ್ಲ ಅದೇ ಮನೆಯವು. ಮಂಗಳೂರಿನಿಂದ ಬರುವ ಕರ್ನಾಟಕದ ಬಸ್ಸಿನಲ್ಲಿ ಟಿಕೆಟ್ ಹರಿಯುವ ‘ನಿರ್ವಾಹಕ’ನೂ ಅದೇ ಮನೆಯವನು. ಇಂಗ್ಲಿಷಿನ ‘ವೆಕ್ಟರ್’ ಲ್ಯಾಟಿನ್ನಿನ ‘ವೆಹೆರೆ’ಯಿಂದ ಬಂದದ್ದು. ಅದಕ್ಕೂ ಸಾಗಿಸು ಎಂದೇ ಅರ್ಥ. ವೆಹಿಕಲ್ ಕೂಡ ಅಲ್ಲಿಂದಲೇ. ವಹ್ ಮತ್ತು ವೆಹೆರೆ ದೂರದ ಅಕ್ಕತಂಗಿಯರು. ಹಾಗಾಗಿ ವೆಕ್ಟರನ್ನು ವಾಹಕ ಎಂದವರು ಬುದ್ಧಿವಂತರೇ. ಎಡವಟ್ಟಾದದ್ದು ಆಮೇಲೆ. ಶಾಲೆಯಲ್ಲಿ ತಾಮ್ರದ ತಂತಿಯೂ ವಾಹಕ ಆಯಿತು. ಗಣಿತದ ವೆಕ್ಟರ್ ಮಾತ್ರ ಹೇಗೋ ತಪ್ಪಿಸಿಕೊಂಡು ‘ಸದಿಶ’ ಆಯಿತು. ಕೊರೋನಾ ಕಾಲದಲ್ಲಿ, ಜ್ವರ ಕೆಮ್ಮು ಏನೂ ಇಲ್ಲದೆ ವೈರಸ್ ಇಟ್ಟುಕೊಂಡು ಓಡಾಡುವ ‘ಕ್ಯಾರಿಯರ್’ಗೂ ಇದೇ ಹೆಸರು ಅಂಟಿತು. ಅಲ್ಲಿಂದ ವೈರಸ್ಸಿನ ಸುತ್ತಮುತ್ತ ಸುಳಿದವರೆಲ್ಲ ವಾಹಕರೇ.

ನಮ್ಮ ಕಡೆಯ ಮಾತಿನಲ್ಲಿ ಹೊರುವುದು ಬೇರೆ, ಮುಟ್ಟಿಸುವುದು ಬೇರೆ. ಅಡಿಕೆ ಗೋಣಿ ಹೊತ್ತವರೆಲ್ಲ ಅದನ್ನು ಪೇಟೆಗೆ ಮುಟ್ಟಿಸುವುದಿಲ್ಲ, ಅಲ್ವಾ? ರೋಗದ ವಿಷಯದಲ್ಲಿ ವಾಹಕ ಅಂದರೆ ಮುಟ್ಟಿಸುವ ಜೀವಿ.

ಮುಟ್ಟಿಸುವುದು ಸುಲಭದ ಕೆಲಸ ಅಲ್ಲ. ಈಡಿಸ್ ಸೊಳ್ಳೆ (ನಮಗದು ನುಸಿ, ತುಳುವಿನಲ್ಲಿ ಉಮಿಲ್) ಡೆಂಗಿ ಜ್ವರದವರ ರಕ್ತ ಹೀರಿತು ಅನ್ನಿ. ವೈರಸ್ ಮೊದಲು ಅದರ ಕರುಳಿನ ಗೋಡೆಯನ್ನು ಹೊಗಬೇಕು. ಅಲ್ಲೇ ಬೆಳೆಯಬೇಕು. ಗೋಡೆ ದಾಟಿ ಮೈಯೆಲ್ಲ ಹರಡಬೇಕು. ಕೊನೆಗೆ ಜೊಲ್ಲಿನ ಗ್ರಂಥಿ ಸೇರಬೇಕು. ಇಷ್ಟಕ್ಕೆ ಸಾಧಾರಣ 8ರಿಂದ 12 ದಿನ ಬೇಕು. ಜೊಲ್ಲಿನ ಗ್ರಂಥಿಯೇ ಯಾಕೆಂದರೆ, ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ರಕ್ತ ಏರುವ ಕೊಳವೆ ಬೇರೆ, ಜೊಲ್ಲು ಇಳಿಯುವ ಕೊಳವೆ ಬೇರೆ. ‘ಹಾರುವ ಸಿರಿಂಜ್’ ಎಂದು ಬರೆಯುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕಿತ್ತು. ಎಚ್‌ಐವಿಗೆ ಸೊಳ್ಳೆಯ ಕರುಳಿನಲ್ಲಿ ಹೊಗಲು ಬಾಗಿಲೇ ಇಲ್ಲ. ಕುಡಿದ ರಕ್ತದ ಜೊತೆ ಅದೂ ಜೀರ್ಣವಾಗಿ ಹೋಗುತ್ತದೆ. ತಗಣೆಯ ಮೈಯಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಕುರುಹು ವಾರಗಟ್ಟಲೆ ಸಿಕ್ಕಿದ್ದುಂಟು. ತಗಣೆ ಕಚ್ಚಿ ಯಾರಿಗಾದರೂ ಆ ರೋಗ ಬಂದದ್ದು ಮಾತ್ರ ಸಾಬೀತಾಗಿಲ್ಲ. ಅದು ಹೊತ್ತಿದೆ, ಮುಟ್ಟಿಸಿಲ್ಲ.

ಸಿರಿಂಜಿನ ಲೆಕ್ಕ ಪೂರ್ತಿ ಸುಳ್ಳೂ ಅಲ್ಲ. ದನಗಳ ಚರ್ಮಗಂಟು ರೋಗ ಹಾಗೇ ಸಾಗುತ್ತದೆ. ಕಚ್ಚುವ ನೊಣದ ಬಾಯಿಗೆ ಅಂಟಿದ ವೈರಸ್ಸೇ ಇನ್ನೊಂದು ದನಕ್ಕೆ ದಾಟುತ್ತದೆ, ನೊಣದೊಳಗೆ ಬೆಳೆಯುವುದಿಲ್ಲ. ವೈರಸ್ಸನ್ನು ಒಳಗೆ ಬೆಳೆಸಿಯೇ ಮುಟ್ಟಿಸುವವು ಬೇರೆ: ಮನುಷ್ಯರ ಡೆಂಗಿ, ಚಿಕೂನ್‌ಗುನ್ಯಗಳಿಗೆ (ಕೋಳಿಗೂ ಅದಕ್ಕೂ ಸಂಬಂಧ ಇಲ್ಲ ಮಾರಾಯ್ರೇ) ಈಡಿಸ್, ಜಪಾನ್ ಮೆದುಳುಜ್ವರಕ್ಕೂ ವೆಸ್ಟ್ ನೈಲ್‌ಗೂ ಕ್ಯೂಲೆಕ್ಸ್ ಸೊಳ್ಳೆ, ಮಕ್ಕಳ ಮೆದುಳಿಗೆ ಏರುವ ಚಾಂದಿಪುರ ವೈರಸ್ಸಿಗೆ ಮರಳುನೊಣ. ಈ ಚಾಂದಿಪುರ ಮಹಾರಾಷ್ಟ್ರದ ನಾಗಪುರದ ಕಡೆಯ ಹಳ್ಳಿ, ಒಡಿಶಾದ ಕ್ಷಿಪಣಿ ಊರಲ್ಲ. ಮಲೇರಿಯವನ್ನು ಈ ಸಾಲಿಗೆ ತರಬೇಡಿ, ಅದು ವೈರಸ್ಸೇ ಅಲ್ಲ.

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಮುಟ್ಟಿಸುವುದು ಉಣುಗು. ಎಂಟು ಕಾಲಿನ ಅದು ಕೀಟವೂ ಅಲ್ಲ. ಮಂಗ ಪಾಪ, ನಮಗಿಂತ ಮೊದಲು ಸಾಯುವ ರೋಗಿ. ಹಾಗೆಯೇ ಇಲಿ. ಮಧೂರು ಗಣಪತಿಗೆ ಅದು ವಾಹನ ಇರಬಹುದು, ಇಲಿಜ್ವರಕ್ಕೆ ವಾಹಕ ಅಲ್ಲ. ಆ ಬ್ಯಾಕ್ಟೀರಿಯಾ ಇಲಿಯ ಮೂತ್ರದಿಂದ ನೀರಿಗೆ ಸೇರಿ ನಮ್ಮ ಕಾಲಿನ ಗಾಯ ಹುಡುಕುತ್ತದೆ. ಇಲಿ ಅದರ ಗೋದಾಮು.

ನಮ್ಮ ಮನೆಯಲ್ಲೇ ಕಳೆದ ಮಳೆಗಾಲ ತಮ್ಮನಿಗೆ ಡೆಂಗಿ ಬಂತು. ಮರುದಿನ ಅವನ ಹೆಂಡತಿಗೂ ಬಂತು. ‘ಗಂಡನಿಂದ ಹೆಂಡತಿಗೆ ಅಂಟಿತು’ ಎಂದು ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು. ಲೆಕ್ಕ ಹಾಕಿ ನೋಡಿ. ಸೊಳ್ಳೆಯೊಳಗೆ ವಾರಕ್ಕಿಂತ ಜಾಸ್ತಿ ಬೇಕು. ಕಚ್ಚಿಸಿಕೊಂಡ ಮೇಲೆ ಜ್ವರ ಏರಲು ಮತ್ತೆ 4ರಿಂದ 10 ದಿನ. ಒಂದು ರಾತ್ರಿಯಲ್ಲಿ ಎಲ್ಲಿಂದ ಆಗುತ್ತದೆ? ಮೊದಲೇ ತಯಾರಾಗಿದ್ದ ಒಂದೇ ಸೊಳ್ಳೆ ಇಬ್ಬರಿಗೂ ಕಚ್ಚಿರಬೇಕು. ಈಡಿಸ್‌ಗೆ ಆ ಚಾಳಿ ಇದೆ. ಒಬ್ಬರು ಕೈ ಬೀಸಿದರೆ ಎದ್ದು ಪಕ್ಕದವರ ಮೇಲೆ ಕೂರುತ್ತದೆ. ನಾವು ಇಬ್ಬರಿಗೂ ಹಗಲಲ್ಲೂ ಪರದೆ ಕಟ್ಟಿದೆವು. ಅದು ಹೊಸ ಸೊಳ್ಳೆ ಅವರ ರಕ್ತ ಕುಡಿಯದಿರಲಿ ಎಂದು, ನಾವು ಅವರನ್ನು ಮುಟ್ಟದಿರಲಿ ಎಂದಲ್ಲ.

ಜ್ವರ ಬಿಟ್ಟ ಮೇಲೆ ತೋಟಕ್ಕೆ ಹೋದೆ. ಅಳಿಲು ತೂತು ಕೊರೆದು ತಿಂದ ಕೊಕ್ಕೋ ಕಾಯಿ ಮರದಲ್ಲೇ ಉಳಿದಿತ್ತು, ಒಳಗೆ ಚಹಾ ಬಣ್ಣದ ಮಳೆನೀರು. ಅಂಗೈಗೆ ಸುರಿದರೆ ಹತ್ತಿಪ್ಪತ್ತು ಸೊಳ್ಳೆ ಮರಿಹುಳ ಮೈ ಕೊಂಕಿಸುತ್ತಿದ್ದವು. ಕೆಳಗೆ ಬಿದ್ದ ಅಡಿಕೆ ಹಾಳೆಯಲ್ಲೂ ಅಷ್ಟೇ. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. ‘ಇದು ನಿಮ್ಮ ತೋಟದ್ದು, ನಮ್ಮಲ್ಲಿ ಇಲ್ಲ’ ಅಂದರು.