ಡಬ್ಲಿನ್‌ನ 31 ಪ್ರಶಸ್ತಿ: ಜನಬಲ, ಹಣಬಲ ಮತ್ತು ಒಂದು ಕಿಕ್‌ಔಟ್

ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಐರ್ಲೆಂಡಿನ ಗೇಲಿಕ್ ಫುಟ್‌ಬಾಲಿನಲ್ಲಿ 1891ನೇ ಸಾಲಿನ ಆಲ್-ಐರ್ಲೆಂಡ್ ಫೈನಲ್‌ನ ಸ್ಕೋರು: ಡಬ್ಲಿನ್ 2-1, ಕಾರ್ಕ್ 1-9. ಗೆದ್ದದ್ದು ಡಬ್ಲಿನ್.

ಇಂದಿನ ನಿಯಮದಲ್ಲಿ ಓದಿದರೆ ಇದು ತಪ್ಪಾಗಿ ಕಾಣುತ್ತದೆ. ಅಡ್ಡಗೆರೆಯ ಎಡಕ್ಕಿರುವುದು ಗೋಲು, ಬಲಕ್ಕಿರುವುದು ಪಾಯಿಂಟು, ಅಂದರೆ ಚೆಂಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದದ್ದು. ಒಂದು ಗೋಲಿಗೆ ಮೂರು ಪಾಯಿಂಟು. ಹಾಗೆ ಕೂಡಿದರೆ ಕಾರ್ಕ್‌ಗೆ 12, ಡಬ್ಲಿನ್‌ಗೆ 7. ಆದರೆ ಆಗಿನ್ನೂ ಎಷ್ಟು ಪಾಯಿಂಟು ಸೇರಿದರೂ ಒಂದು ಗೋಲಿಗೆ ಸಮವಲ್ಲ ಎಂಬ ನಿಯಮವಿತ್ತು. ಡಬ್ಲಿನ್‌ನ 31 ಪ್ರಶಸ್ತಿಗಳ ಎಣಿಕೆ ಶುರುವಾಗುವುದೇ ಈ ಪಂದ್ಯದಿಂದ. ಮೂರನೆಯದು, 1894ರದು, ಇನ್ನೂ ಗೋಜಲು: ಮರುಪಂದ್ಯ ಗಲಾಟೆಯಲ್ಲಿ ಅರ್ಧಕ್ಕೇ ನಿಂತಿತು, ಮತ್ತೊಮ್ಮೆ ಆಡಲು ಕಾರ್ಕ್ ಒಪ್ಪಲಿಲ್ಲ, ಪ್ರಶಸ್ತಿ ಡಬ್ಲಿನ್‌ಗೆ ಹೋಯಿತು. ಆ ಕಾಲದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ಹೆಸರಿನಲ್ಲಿ ಆಡುತ್ತಿದ್ದದ್ದು ಅಲ್ಲಿಯ ಚಾಂಪಿಯನ್ ಕ್ಲಬ್. 1902ರಲ್ಲಿ ಡಬ್ಲಿನ್‌ಗೆ ಗೆದ್ದುಕೊಟ್ಟ ಬ್ರೇ ಎಮೆಟ್ಸ್ ಕ್ಲಬ್ಬಿನ ಊರು ಇರುವುದು ಪಕ್ಕದ ವಿಕ್ಲೋ ಕೌಂಟಿಯಲ್ಲಿ.

ಹೀಗಿದ್ದರೂ 31 ಅನ್ನು ಯಾರೂ ಪ್ರಶ್ನಿಸುವುದಿಲ್ಲ. ಜಗಳ ಇರುವುದು ಅದರ ಕೊನೆಯ ಒಂಬತ್ತರ ಬಗ್ಗೆ.

1887ರಿಂದ 2025ರವರೆಗೆ ಮುಗಿದ ಚಾಂಪಿಯನ್‌ಷಿಪ್‌ಗಳು 138. ಅದರಲ್ಲಿ ಕೆರ್ರಿ 39, ಡಬ್ಲಿನ್ 31. ಮೂರನೇ ಸ್ಥಾನದ ಗಾಲ್ವೇಗೆ ಬರೀ 9. ಅಂದರೆ ಅರ್ಧಕ್ಕಿಂತ ಹೆಚ್ಚು ಎರಡೇ ಮನೆಗಳ ಪಾಲು. ಡಬ್ಲಿನ್‌ನ ಮೊದಲ ಹದಿನಾಲ್ಕು 1923ರ ಹೊತ್ತಿಗೇ ಬಂದಿದ್ದವು, ಮೂರು ಬಾರಿ ಸತತ ಮೂರರ ಸರಣಿಯೂ ಅದರಲ್ಲಿದೆ. ಆಮೇಲಿನ ಐವತ್ತು ವರ್ಷಕ್ಕೆ ಸಿಕ್ಕಿದ್ದು 1942, 1958, 1963. 1974ರಲ್ಲಿ ಗೆದ್ದ ಮ್ಯಾನೇಜರ್ ಕೆವಿನ್ ಹೆಫರ್ನನ್ ತಂಡ ನಗರಕ್ಕೆ ಈ ಆಟವನ್ನು ಮತ್ತೆ ಪರಿಚಯಿಸಿತು. 1976, 1977, ಹದಿನೈದರಲ್ಲಿ ಹನ್ನೆರಡೇ ಜನ ಮೈದಾನದಲ್ಲಿ ಉಳಿದೂ ಗೆದ್ದ 1983, ಆಮೇಲೆ 1995. ನಂತರ ಹದಿನಾರು ವರ್ಷ ಬರ.

ಆ ಬರದ ಕೊನೆಯ ಎರಡು ವರ್ಷ ನೆನಪಿಡಬೇಕು. 2009ರ ಕ್ವಾರ್ಟರ್‌ಫೈನಲ್‌ನಲ್ಲಿ ಕೆರ್ರಿ 1-24, ಡಬ್ಲಿನ್ 1-7. 2010ರಲ್ಲಿ ಮೀತ್ ಐದು ಗೋಲು ಹೊಡೆದು ಡಬ್ಲಿನ್ ಸೇರಿದ ಲೆನ್‌ಸ್ಟರ್ ಪ್ರಾಂತ್ಯದ ಚಾಂಪಿಯನ್‌ಷಿಪ್‌ನಿಂದಲೇ ಹೊರದಬ್ಬಿತು. ಮರುವರ್ಷ ಪ್ಯಾಟ್ ಗಿಲ್ರಾಯ್ ಮ್ಯಾನೇಜರ್ ಆಗಿದ್ದ ಅದೇ ತಂಡ ಕೆರ್ರಿಯನ್ನು 1-12, 1-11ರಿಂದ ಸೋಲಿಸಿತು. ಕೊನೆಯ ಕ್ಷಣದ ಗೆಲುವಿನ ಫ್ರೀ ಕಿಕ್ ಹೊಡೆದದ್ದು ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್‌ಟನ್. ಮ್ಯಾನೇಜರ್ ಆಗಿ ಜಿಮ್ ಗ್ಯಾವಿನ್ ಬಂದ ಮೇಲೆ 2013, ಮತ್ತೆ 2015ರಿಂದ 2019ರವರೆಗೆ ಐದು. 2020ರದು ಡೆಸ್ಸಿ ಫ್ಯಾರೆಲ್ ಕಾಲದ್ದು, ಡಿಸೆಂಬರ್‌ನ ಖಾಲಿ ಕ್ರೀಡಾಂಗಣದಲ್ಲಿ. ಸತತ ಆರು! ಅದಕ್ಕೂ ಮೊದಲು ಯಾವ ಕೌಂಟಿಯೂ ನಾಲ್ಕನ್ನು ದಾಟಿರಲಿಲ್ಲ.

ಹೇಗೆ ಎಂದು ಕೇಳಿದರೆ ಡಬ್ಲಿನ್‌ನವರು ಕಿಕ್‌ಔಟ್ ಎನ್ನುತ್ತಾರೆ, ಉಳಿದವರು ದುಡ್ಡು ಎನ್ನುತ್ತಾರೆ. ಮೊದಲು ಕಿಕ್‌ಔಟ್ ನೋಡೋಣ, ಏಕೆಂದರೆ ಇದರ ಬಗ್ಗೆ ಮಾತಾಡುವವರಿಗಿಂತ ಇದನ್ನು ಗಮನಿಸಿದವರು ಕಡಿಮೆ.

ಪ್ರತಿ ಸ್ಕೋರಿನ ನಂತರ, ಚೆಂಡು ಗುರಿ ತಪ್ಪಿ ಗೆರೆಯಾಚೆ ಹೋದಾಗಲೂ, ಗೋಲ್‌ಕೀಪರ್ ಚೆಂಡನ್ನು ನೆಲದಲ್ಲಿಟ್ಟು ಒದ್ದು ಆಟ ಮುಂದುವರಿಸಬೇಕು. 2017ರ ಫೈನಲ್‌ನಲ್ಲಿ ಡಬ್ಲಿನ್ 1-17, ಮೇಯೋ 1-16: ಬರೀ ಸ್ಕೋರುಗಳೇ 35. ಗುರಿ ತಪ್ಪಿದವನ್ನು ಸೇರಿಸಿದರೆ ಎಪ್ಪತ್ತು ನಿಮಿಷದ ಆಟದಲ್ಲಿ ಸರಾಸರಿ ಎರಡು ನಿಮಿಷಕ್ಕಿಂತ ಮುಂಚೆಯೇ ಇನ್ನೊಂದು ಕಿಕ್‌ಔಟ್. ಹಳೆಯ ಪದ್ಧತಿಯಲ್ಲಿ ಕೀಪರ್ ಅದನ್ನು ಬಲವಾಗಿ ಒದ್ದು ಮೈದಾನದ ನಡುವಿಗೆ ಕಳಿಸುತ್ತಿದ್ದ. ಅಲ್ಲಿ ಎತ್ತರದ ನಾಲ್ವರು ಮೇಲೆ ನೆಗೆಯುತ್ತಿದ್ದರು. ನೋಡಲು ಸೊಗಸು, ಆದರೆ ಚೆಂಡು ಯಾರ ಪಾಲಾಗುತ್ತದೆ ಎಂಬುದು ಟಾಸ್ ಹಾಕಿದ ಹಾಗೆ.

ಕ್ಲಕ್ಸ್‌ಟನ್ ಈ ಟಾಸನ್ನೇ ರದ್ದುಮಾಡಿದರು. ಆಗಿನ ನಿಯಮದ ಪ್ರಕಾರ ಚೆಂಡು 13 ಮೀಟರ್ ಸಾಗಿದರೆ ಸಾಕಿತ್ತು. ಎದುರಾಳಿ ಫಾರ್ವರ್ಡ್‌ಗಳು ಸ್ಕೋರು ಹೊಡೆದು, ತಿರುಗಿ, ತಮ್ಮ ಜಾಗಕ್ಕೆ ನಡೆಯುವಷ್ಟರಲ್ಲಿ ಕ್ಲಕ್ಸ್‌ಟನ್ ಚೆಂಡಿಟ್ಟು ಒದ್ದಾಗಿರುತ್ತಿತ್ತು. ಮೊದಲ ಆಯ್ಕೆ ಕಾರ್ನರ್ ಬ್ಯಾಕ್, ಅಂದರೆ ಗೋಲಿನ ಪಕ್ಕದ ಮೂಲೆ ಕಾಯುವ ಡಿಫೆಂಡರ್: ಇಪ್ಪತ್ತು-ಇಪ್ಪತ್ತೈದು ಮೀಟರ್‌ನ ತಗ್ಗು ಒದೆತ, ಅದೂ ಆಟಗಾರನ ಎದೆಗಲ್ಲ, ಪಕ್ಕದ ಗೆರೆಯ ಕಡೆಯ ಭುಜದಾಚೆಗೆ. ಓಡುತ್ತಲೇ ಹಿಡಿಯಬೇಕು, ಹಿಂಬಾಲಿಸುವವನಿಗೆ ಅವನ ಮೈಯೇ ಅಡ್ಡ. ಅದು ಮುಚ್ಚಿದ್ದರೆ ಒಂದು ಸಾಲು ಮುಂದಿರುವ ಅಂಚಿನ ಹಾಫ್ ಬ್ಯಾಕ್‌ಗೆ. ಎದುರಾಳಿಗಳು ಹತ್ತು-ಹನ್ನೆರಡು ಜನ ಮುಂದೆ ಬಂದು ಎರಡನ್ನೂ ಮುಚ್ಚಿದರೆ ಅವರ ಬೆನ್ನ ಹಿಂದೆ ಜಾಗ ಖಾಲಿ ಎಂದೇ ಅರ್ಥ. ಆಗ ಅವರ ತಲೆಯ ಮೇಲಿಂದ ಉದ್ದನೆಯ ಒದೆತ. ಯಾವುದೂ ಆ ಕ್ಷಣದ ಹೊಳಹಲ್ಲ. ಹಿಡಿಯುವವನು ಮೊದಲು ಒಳಗೆ ಎರಡು ಹೆಜ್ಜೆ ಹಾಕಿ ಕಾವಲಿನವನನ್ನು ಎಳೆದು, ಬಳಿಕ ಹೊರಗೆ ಓಡಬೇಕು. ಅವನು ತಿರುಗುವ ಹೊತ್ತಿಗೆ ಚೆಂಡು ಗಾಳಿಯಲ್ಲಿರಬೇಕು.

ಕೆಟ್ಟರೆ ದಂಡವೂ ದೊಡ್ಡದು. ಗೋಲಿನ ಮುಂದೆಯೇ ಚೆಂಡು ಕಳೆದುಕೊಂಡರೆ ತಡೆಯಲು ಯಾರೂ ಇರುವುದಿಲ್ಲ. 2014ರ ಫೈನಲ್‌ನಲ್ಲಿ ಡೊನೆಗಾಲ್ ಕೀಪರ್ ಒದ್ದ ಗಿಡ್ಡ ಕಿಕ್‌ಔಟ್ ಕೆರ್ರಿಯ ಕೀರನ್ ಡೊನಾಹಿ ಕೈಗೆ ಸಿಕ್ಕಿ ಗೋಲಾಯಿತು, ಕಪ್ಪೂ ಹೋಯಿತು. 2016ರ ಸೆಮಿಫೈನಲ್‌ನಲ್ಲಿ ಕೆರ್ರಿ ಕ್ಲಕ್ಸ್‌ಟನ್‌ಗೂ ಇದೇ ಒತ್ತಡ ಹಾಕಿ ವಿರಾಮಕ್ಕೆ ಮುಂಚೆ ಎರಡು ಗೋಲು ಕಸಿಯಿತು. ಡಬ್ಲಿನ್ ಪಾರಾದದ್ದು ದ್ವಿತೀಯಾರ್ಧದಲ್ಲಿ.

ಕಿಕ್‌ಔಟ್‌ನ ಬೆಲೆ ಎಷ್ಟೆಂದು ತಿಳಿಯಲು 2017ರ ಫೈನಲ್‌ನ ಕೊನೆಯ ನಿಮಿಷ ಸಾಕು. ಡಬ್ಲಿನ್‌ನ ಡೀನ್ ರಾಕ್ ಫ್ರೀ ಕಿಕ್‌ಗೆ ಓಡಿ ಬರುವಾಗ ಮೇಯೋ ಆಟಗಾರನೊಬ್ಬ ಓಟ ಅಳೆಯಲು ಜೆರ್ಸಿಯೊಳಗೆ ಧರಿಸಿದ್ದ ಜಿಪಿಎಸ್ ಯಂತ್ರವನ್ನೇ ಅವರ ಮುಂದೆ ಎಸೆದರೂ ಪಾಯಿಂಟು ಬಂತು, ಒಂದರ ಮುನ್ನಡೆ. ಈಗ ಕಿಕ್‌ಔಟ್ ಮೇಯೋದು. ಡಬ್ಲಿನ್ ಫಾರ್ವರ್ಡ್‌ಗಳು ಎದುರಿನ ಡಿಫೆಂಡರ್‌ಗಳನ್ನು ಅಪ್ಪಿ ನೆಲಕ್ಕೆ ಕೆಡವಿದರು. ಗಿಡ್ಡ ಒದೆತ ಹಿಡಿಯಲು ನಿಂತವರೇ ಇಲ್ಲ. ಕೀಪರ್ ಉದ್ದಕ್ಕೆ ಒದ್ದರು, ಚೆಂಡು ಪಕ್ಕದ ಗೆರೆ ದಾಟಿತು. ಒಬ್ಬರಿಗೆ ಕಪ್ಪು ಬಣ್ಣದ ಕಾರ್ಡು ಬಿತ್ತು, ಅಂದರೆ ಬೇಕೆಂದೇ ಮಾಡಿದ ತಪ್ಪಿಗೆ ಮೈದಾನದಿಂದ ಹೊರಗೆ. ಆಗ ಕಪ್ಪು ಕಾರ್ಡು ಪಡೆದವನ ಬದಲಿಗೆ ಇನ್ನೊಬ್ಬ ಬರಬಹುದಿತ್ತು, ಹಾಗಾಗಿ ಈ ತಪ್ಪಿಗೆ ಡಬ್ಲಿನ್ ತೆತ್ತದ್ದು ಹೆಚ್ಚುಕಡಿಮೆ ಸೊನ್ನೆ.

ಇನ್ನು ದುಡ್ಡು. ಈ ಆಟದಲ್ಲಿ ಸಂಬಳವಿಲ್ಲ, ಆಟಗಾರರ ಮಾರುಕಟ್ಟೆಯಿಲ್ಲ. ತನ್ನ ಊರಿನ ಕ್ಲಬ್, ಅದರ ಮೂಲಕ ತನ್ನ ಕೌಂಟಿ. ಆದ್ದರಿಂದ ಹುಡುಗರನ್ನು ಕೊಳ್ಳಲಾಗದು, ಬೆಳೆಸಬೇಕು. 2022ರ ಜನಗಣತಿಯಲ್ಲಿ ಡಬ್ಲಿನ್ ಜನಸಂಖ್ಯೆ 14.58 ಲಕ್ಷ, ಲೀಟ್ರಿಮ್‌ನದು 35 ಸಾವಿರ. ಇಬ್ಬರೂ ಇಳಿಸುವುದು ಹದಿನೈದೇ ಜನರನ್ನು. ಆದರೆ ಬರೀ ಜನಸಂಖ್ಯೆ ಆಟ ಆಡುವುದಿಲ್ಲ. ತೊಂಬತ್ತರ ದಶಕದ ಡಬ್ಲಿನ್ ಮಕ್ಕಳಿಗೆ ಸಾಕರ್ ಇತ್ತು, ರಗ್ಬಿ ಇತ್ತು, ಗೇಲಿಕ್ ಎಷ್ಟೋ ಬಡಾವಣೆಗಳಿಗೆ ತಲುಪಿರಲೇ ಇಲ್ಲ. ಈ ಚಿಂತೆಯಿಂದಲೇ 2000ರ ದಶಕದ ಮಧ್ಯದಿಂದ ಸರ್ಕಾರದ ಕ್ರೀಡಾ ನಿಧಿಯಿಂದ ಡಬ್ಲಿನ್‌ಗೆಂದೇ ವರ್ಷಕ್ಕೆ ಸುಮಾರು ಹತ್ತು ಲಕ್ಷ ಯೂರೋ ಬರತೊಡಗಿತು.

ಆ ಹಣ ಹೋದದ್ದು ಹಿರಿಯರ ತಂಡಕ್ಕಲ್ಲ, ಕ್ಲಬ್‌ಗಳಲ್ಲಿ ನೇಮಕವಾದ ಪೂರ್ಣಾವಧಿ ತರಬೇತುದಾರರಿಗೆ. ಸಂಬಳದ ಒಂದು ಪಾಲು ಅನುದಾನದಿಂದ, ಇನ್ನೊಂದು ಪಾಲು ಕ್ಲಬ್‌ನಿಂದ. ಹಗಲು ಪ್ರಾಥಮಿಕ ಶಾಲೆಗಳಲ್ಲಿ ಕಲಿಸುವುದು, ಸಂಜೆ ಮತ್ತು ಶನಿವಾರ ಅದೇ ಮಕ್ಕಳನ್ನು ಕ್ಲಬ್‌ಗೆ ಕರೆತರುವುದು ಅವರ ಕೆಲಸ. ಬೇರೆ ಕೌಂಟಿಗಳಲ್ಲಿ ಇಂಥ ಒಬ್ಬರೇ ಹತ್ತಾರು ಕ್ಲಬ್ ಸುತ್ತಬೇಕಿತ್ತು. ಯೋಜನೆ ಕೆಟ್ಟದ್ದಾಗಿರಲಿಲ್ಲ. ಚೆನ್ನಾಗಿ ನಡೆಯಿತು, ಗುರಿಯೂ ಮುಟ್ಟಿತು. ಮುಟ್ಟಿದ ಮೇಲೂ ಅದೇ ಪ್ರಮಾಣದಲ್ಲಿ ಮುಂದುವರಿದದ್ದೇಕೆ, ಉಳಿದ ಕೌಂಟಿಗಳ ಸರದಿಗೆ ಇಷ್ಟು ವರ್ಷ ಏಕೆ ಬೇಕಾಯಿತು ಎಂಬುದಕ್ಕೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಆದರೂ ಕಾಲದ ಲೆಕ್ಕ ನೇರವಾಗಿ ಕೂಡುವುದಿಲ್ಲ. ಕ್ಲಕ್ಸ್‌ಟನ್ ಹಿರಿಯರ ತಂಡಕ್ಕೆ ಬಂದದ್ದು 2001ರಲ್ಲಿ, ಹಣಕ್ಕಿಂತ ಮೊದಲು. 2009ರ ಮಾನಭಂಗವಾದದ್ದು ಹಣ ಬರುತ್ತಿದ್ದಾಗಲೇ. ಇನ್ನೊಂದು ಕಡೆ, ಯೋಜನೆಯ ಮೊದಲ ವರ್ಷಗಳಲ್ಲಿ ಎಂಟು-ಹತ್ತರ ವಯಸ್ಸಿನಲ್ಲಿದ್ದ ಕಾನ್ ಓ'ಕ್ಯಾಲಹನ್ ಪೀಳಿಗೆ ಹಿರಿಯರ ತಂಡ ಸೇರಿದ್ದು ಸರಿಯಾಗಿ ಈ ಆರರ ಸರಣಿಯ ನಡುವೆ. ಮೊದಲ ಕಪ್ಪುಗಳಿಗೆ ದುಡ್ಡು ಕಾರಣವಲ್ಲ. ನಡುವೆ ಆಟಗಾರರು ಬದಲಾದರೂ ತಂಡ ತಗ್ಗದಿದ್ದುದಕ್ಕೆ ಕಾರಣವಿರಬಹುದು.

ಮೂರನೆಯ ದೂರು ಕ್ರೋಕ್ ಪಾರ್ಕ್. 82 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ರಾಷ್ಟ್ರೀಯ ಕ್ರೀಡಾಂಗಣ ಡಬ್ಲಿನ್ ನಗರದಲ್ಲೇ ಇದೆ. 2006ರ ನಂತರ 2016ರವರೆಗೆ ಲೆನ್‌ಸ್ಟರ್ ಚಾಂಪಿಯನ್‌ಷಿಪ್‌ಗಾಗಿ ಡಬ್ಲಿನ್ ಊರು ಬಿಟ್ಟು ಹೋಗಲಿಲ್ಲ. ಕಾರಣ ಸರಳ: ಸಣ್ಣ ಊರಿನ ಮೈದಾನಕ್ಕೆ ಅವರ ಪ್ರೇಕ್ಷಕರು ಹಿಡಿಸುವುದಿಲ್ಲ, ಟಿಕೆಟ್ ಹಣ ಇಡೀ ಪ್ರಾಂತ್ಯಕ್ಕೆ ಬೇಕು. ದೂರುವ ಕೌಂಟಿಗಳೂ ಆ ಹಣದಲ್ಲಿ ಪಾಲುದಾರರೇ. 2011ರಿಂದ 2024ರವರೆಗೆ ಸತತ ಹದಿನಾಲ್ಕು ಬಾರಿ ಲೆನ್‌ಸ್ಟರ್ ಕಪ್ ಡಬ್ಲಿನ್‌ನಲ್ಲೇ ಉಳಿಯಿತು. ಪ್ರೇಕ್ಷಕರೇ ಬರುವುದು ಕಡಿಮೆಯಾದಾಗ ಆ ಲೆಕ್ಕವೂ ತಲೆಕೆಳಗಾಯಿತು.

ಡಬ್ಲಿನ್ ಅನ್ನು ಒಡೆಯಿರಿ ಎಂಬ ಕೂಗು 2020ರಲ್ಲಿ ಜೋರಾಯಿತು. ಮಾತು ಹೊಸದೇನಲ್ಲ. 2002ರಲ್ಲೇ ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್‌ನ ಸಮಿತಿಯೊಂದು ಉತ್ತರ, ದಕ್ಷಿಣ ಎಂದು ಎರಡು ಮಾಡಲು ಸೂಚಿಸಿತ್ತು. ಆಗ ಡಬ್ಲಿನ್ ಗೆಲ್ಲುತ್ತಿರಲಿಲ್ಲವಾದ್ದರಿಂದ ಯಾರಿಗೂ ತುರ್ತು ಕಾಣಲಿಲ್ಲ. ಗೆಲ್ಲತೊಡಗಿದ ಮೇಲೆ ಹೇಳಿದರೆ ಹೊಟ್ಟೆಕಿಚ್ಚು ಎನ್ನಿಸಿಕೊಂಡಿತು. ಆಡಳಿತದಲ್ಲಿ ಆ ಪ್ರದೇಶ 1994ರಿಂದಲೇ ನಾಲ್ಕು ಪಾಲು, ಜೆರ್ಸಿಯಲ್ಲಿ ಮಾತ್ರ ಒಂದೇ.

ಸರಣಿ ಮುರಿದದ್ದು 2021ರ ಸೆಮಿಫೈನಲ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ, ಮೇಯೋ ಕೈಯಲ್ಲಿ. 2015ರಲ್ಲಿ ಬಂದ ಡಬ್ಲಿನ್ ಆಟಗಾರ ಬ್ರಯಾನ್ ಫೆಂಟನ್ ಚಾಂಪಿಯನ್‌ಷಿಪ್‌ನಲ್ಲಿ ಸೋತದ್ದು ಅದೇ ಮೊದಲು. 2023ರಲ್ಲಿ 41ರ ಕ್ಲಕ್ಸ್‌ಟನ್ ಮರಳಿ ಬಂದು 31ನೆಯದನ್ನು ಗೆದ್ದರು. ಅವರ ಜೊತೆ ಜೇಮ್ಸ್ ಮೆಕಾರ್ಥಿ, ಮೈಕಲ್ ಫಿಟ್ಜ್‌ಸಿಮನ್ಸ್ ಕೂಡ ಒಂಬತ್ತನೆಯ ಪದಕ ಪಡೆದರು. ಅದುವರೆಗೆ ಯಾವ ಫುಟ್‌ಬಾಲಿಗನಿಗೂ ಒಂಬತ್ತು ಇರಲಿಲ್ಲ.

2025ರಲ್ಲಿ ಲೆನ್‌ಸ್ಟರ್ ಸೆಮಿಫೈನಲ್‌ನಲ್ಲೇ ಮೀತ್ ಡಬ್ಲಿನ್ ಅನ್ನು ಸೋಲಿಸಿತು, ಲೆನ್‌ಸ್ಟರ್ ಕಪ್ 1957ರ ನಂತರ ಮೊದಲ ಬಾರಿ ಲೌತ್‌ಗೆ ಹೋಯಿತು. ಅದೇ ವರ್ಷ ಆಟಕ್ಕೆ ಹೊಸ ನಿಯಮಗಳು ಬಂದಿದ್ದವು. ಅವುಗಳ ಪ್ರಕಾರ ಕಿಕ್‌ಔಟ್ ಗೋಲಿನ ಮುಂದೆ ಎಳೆದ 40 ಮೀಟರ್‌ನ ಕಮಾನು ಗೆರೆ ದಾಟಲೇಬೇಕು. ಕಾರ್ನರ್ ಬ್ಯಾಕ್‌ನ ಭುಜದಾಚೆಗೆ ಬೀಳುತ್ತಿದ್ದ ಆ ಇಪ್ಪತ್ತೈದು ಮೀಟರ್ ಒದೆತಕ್ಕೆ ಈಗ ರೆಫರಿ ಸೀಟಿ ಊದುತ್ತಾರೆ. ನಿಯಮ ರೂಪಿಸಿದ ಸಮಿತಿಯ ಅಧ್ಯಕ್ಷರು ಜಿಮ್ ಗ್ಯಾವಿನ್.