ಎಷ್ಟು ಸಾವಿರ ಫಾಲೋವರ್‌ಗಳಾದರೆ ಖಾಯಂ ಗಿರಾಕಿಗಳು ಸಿಗುತ್ತಾರೆ?

ಪ್ರಶ್ನೆ: ಮನೆಯಲ್ಲೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಇನ್‌ಸ್ಟಾಗ್ರಾಂ ಮೂಲಕ ಮಾರುತ್ತಿದ್ದೇನೆ. ಖಾಯಂ ಗಿರಾಕಿಗಳು ಬೇಕಾದರೆ ಎಷ್ಟು ಫಾಲೋವರ್‌ಗಳಿರಬೇಕು? – ದಾವಣಗೆರೆಯ ಓದುಗರೊಬ್ಬರು

ಉತ್ತರ: ಹರಿಹರದಿಂದ ಚಳ್ಳಕೆರೆಯವರೆಗೆ ಈ ಪ್ರಶ್ನೆಯನ್ನು ಕೇಳದವರಿಲ್ಲ. ಒಬ್ಬರು ಮೊಳಕಾಲ್ಮುರು ಸೀರೆ ಮಾರುತ್ತಾರೆ, ಇನ್ನೊಬ್ಬರು ಕಂಬಳಿ ಮಾರುತ್ತಾರೆ. ಸರಕು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಹಾಗಾಗಿ ನನ್ನ ಉತ್ತರವೂ ಹಳೆಯದೇ: ಫಾಲೋವರ್‌ಗಳ ಸಂಖ್ಯೆಗೂ ಖಾಯಂ ಗಿರಾಕಿಗೂ ನೀವು ಭಾವಿಸಿರುವಂಥ ನಂಟಿಲ್ಲ.

ಕಾವಲಿಯ ಮೇಲೆ ಬೆಣ್ಣೆ ಕರಗುವ ವಿಡಿಯೊ ಹಾಕಿದರೆ ಲಕ್ಷ ಜನ ನೋಡಬಹುದು. ಆದರೆ ಅವರು ನೋಡಿದ್ದು ದೋಸೆಯನ್ನು, ನಿಮ್ಮ ಚಟ್ನಿಪುಡಿಯನ್ನಲ್ಲ. ಲಖನೌದಲ್ಲಿ ಕುಳಿತು ಮೆಚ್ಚುಗೆ ಒತ್ತಿದವರಿಗೆ ಗುರೆಳ್ಳೆಂದರೇನೆಂಬುದೇ ಗೊತ್ತಿರಲಿಕ್ಕಿಲ್ಲ. ಸಾಲದ್ದಕ್ಕೆ, ನಿಮ್ಮನ್ನು ಹಿಂಬಾಲಿಸುವ ಎಲ್ಲರಿಗೂ ಇನ್‌ಸ್ಟಾಗ್ರಾಂ ನಿಮ್ಮ ಪೋಸ್ಟನ್ನು ತೋರಿಸುವುದೂ ಇಲ್ಲ. ಯಾರು ಹಿಂದೆ ಸ್ಪಂದಿಸಿದ್ದಾರೆ, ಯಾರು ಆಸಕ್ತಿಯಿಂದ ನೋಡಬಹುದು ಎಂದು ಅದೇ ಲೆಕ್ಕ ಹಾಕಿ ಹಂಚುತ್ತದೆ. ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಕೊಂಡವರು ನನ್ನ ಬಳಿ ಬಂದು ‘ಹತ್ತು ಸಾವಿರ ಆದರೂ ಆರ್ಡರ್ ಇಲ್ಲ’ ಎಂದು ಹಲುಬಿದಾಗ ನನಗೆ ಮರುಕಕ್ಕಿಂತ ಬೇಸರವೇ ಹೆಚ್ಚಾಗುತ್ತದೆ, ಏಕೆಂದರೆ ಕೊಳ್ಳುವ ಮೊದಲೂ ಅವರು ಇದೇ ಪ್ರಶ್ನೆ ಕೇಳಿದ್ದರು, ನಾನು ಇದೇ ಉತ್ತರ ಹೇಳಿದ್ದೆ.

ಬೇರೆ ಲೆಕ್ಕ ಹಾಕೋಣ. ನೂರೈವತ್ತು ಮನೆಗಳು ತಿಂಗಳಿಗೆ ಅರ್ಧರ್ಧ ಕೆಜಿ ಪುಡಿ ತರಿಸಿಕೊಂಡರೆ 75 ಕೆಜಿ ಆಯಿತು. ತಿಂಗಳಲ್ಲಿ 25 ದಿನ ದುಡಿದರೂ ದಿನಕ್ಕೆ ಮೂರು ಕೆಜಿ. ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ಪ್ಯಾಕ್ ಮಾಡುವಷ್ಟರಲ್ಲಿ ಒಬ್ಬರ ಕೈ ಸೋಲುತ್ತದೆ, ಮನೆಯ ಮಿಕ್ಸಿಯಂತೂ ಅದಕ್ಕೂ ಮೊದಲೇ ಸೋಲುತ್ತದೆ. ಲಕ್ಷ ಜನ ನಿಜವಾಗಿಯೂ ಆರ್ಡರ್ ಕೊಟ್ಟರೆ ನೀವೇನು ಮಾಡುತ್ತೀರಿ? ಆದ್ದರಿಂದ ಎಣಿಸಬೇಕಾದದ್ದು ಎರಡನೆಯ ಸಲ ತರಿಸಿಕೊಂಡವರನ್ನು ಮಾತ್ರ.

ಆ ನೂರೈವತ್ತು ಮನೆಗಳು ಎಲ್ಲಿವೆಯೆಂದರೆ, ಈ ಊರಿನ ರುಚಿ ಬಲ್ಲ, ಆದರೆ ಈ ಊರಿನಲ್ಲಿಲ್ಲದವರ ನಡುವೆ. ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಿಂದ, ಜೆಜೆಎಂ ವೈದ್ಯಕೀಯ ಕಾಲೇಜು 1965ರಿಂದ, ಬಿಐಇಟಿ ಎಂಜಿನಿಯರಿಂಗ್ ಕಾಲೇಜು 1979ರಿಂದ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರಿಗೆ ಈ ಊರಿನ ಊಟ ರೂಢಿ ಮಾಡಿಸಿ ಕಳಿಸಿಕೊಟ್ಟಿವೆ. ಅವರಿಗೆ ಗುರೆಳ್ಳು ಪುಡಿಯನ್ನು ವಿವರಿಸಬೇಕಾಗಿಲ್ಲ, ನೆನಪಿಸಿದರೆ ಸಾಕು. ಅವರ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿಗೆ ನೀವೇ ನುಗ್ಗಬೇಡಿ; ಈಗಾಗಲೇ ತಿಂದು ಮೆಚ್ಚಿದ ಒಬ್ಬರು ಅಲ್ಲಿ ಹೇಳಲಿ. ಬಂದವರನ್ನು ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿಗೆ, ಸೇರಿಸಿ. ಒಂದು ಪಟ್ಟಿಗೆ 256 ಜನರ ಮಿತಿಯಿದೆ, ನಿಮಗದು ಧಾರಾಳವಾಯಿತು. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ ಎಂಬುದನ್ನು ಹಲವರು ದೋಷವೆನ್ನುತ್ತಾರೆ. ನನ್ನ ಮಟ್ಟಿಗೆ ಅದೇ ಅತ್ಯುತ್ತಮ ಜರಡಿ. ನಂಬರ್ ಉಳಿಸಿಕೊಳ್ಳದವರು ಮತ್ತೆ ಕೊಳ್ಳುವವರಲ್ಲ.

ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ಸಂಖ್ಯೆ ಇರಲೇಬೇಕೆಂದು ಮತ್ತೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಮಂಡಕ್ಕಿಯನ್ನೂ ಕಳಿಸಬಹುದೇ ಎಂದು ನೀವು ಕೇಳಿಲ್ಲ. ಆದರೆ ನಿಮ್ಮ ಗಿರಾಕಿಗಳು ಕೇಳಿಯೇ ಕೇಳುತ್ತಾರೆ. ಒಪ್ಪಿಕೊಳ್ಳುವ ಮೊದಲು ಕೊರಿಯರ್‌ನವರ ಲೆಕ್ಕ ತಿಳಿದಿರಲಿ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ತೂಕವು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು ಕೇಳುತ್ತಾರೆ. ಪ್ರತಿ ಬದಿಗೆ 30 ಸೆಂಟಿಮೀಟರಿನ ಪೆಟ್ಟಿಗೆಯಾದರೆ, ಒಳಗಿನ ಮಂಡಕ್ಕಿ ಎಷ್ಟೇ ಹಗುರವಿರಲಿ, ನೀವು ತೆರಬೇಕಾದದ್ದು 5.4 ಕೆಜಿಯ ದರ. ಪುಡಿಗೆ ಈ ಕಾಟವಿಲ್ಲ. ಮಂಡಕ್ಕಿ ಬೇಕೆಂದವರಿಗೆ ಊರಿಗೆ ಬಂದಾಗ ಚೀಲದಲ್ಲಿ ಕಟ್ಟಿಕೊಡುತ್ತೇನೆ ಎಂದು ಹೇಳಿಬಿಡಿ.